ಬಟ್ಟಲಿನಾಚೆಯ ಊಟ: ಕ್ಯಾತ್ಸಂದ್ರದ ಒಂದು ಲ್ಯಾಬ್ರಡಾರ್ ತೂಕ ಇಳಿಸಿದ ಪ್ರಕರಣ

ಹೆಣ್ಣು ಲ್ಯಾಬ್ರಡಾರ್, ಹೆಸರು ಜೂಲಿ, ವಯಸ್ಸು 6. ಸಂತಾನಹರಣ ಆಪರೇಷನ್ ಆಗಿದೆ. ಮನೆ ತುಮಕೂರಿನ ಕ್ಯಾತ್ಸಂದ್ರ. ನಮ್ಮ ಕ್ಲಿನಿಕ್ಕಿಗೆ ಕರೆತಂದದ್ದು ತೂಕಕ್ಕಾಗಿ ಅಲ್ಲ, ಕಾಲಿಗಾಗಿ. ಬೆಳಿಗ್ಗೆ ಎದ್ದಾಗ ಹಿಂಗಾಲು ಎಳೆಯುತ್ತಾಳೆ, ಮೆಟ್ಟಿಲು ಹತ್ತುವುದಿಲ್ಲ, ಕಾರಿಗೆ ಹಾರುತ್ತಿದ್ದವಳು ಈಗ ಮುಂಗಾಲು ಇಟ್ಟು ಹಾಗೇ ನಿಂತುಬಿಡುತ್ತಾಳೆ. ಇಷ್ಟು ಹೇಳಿದ್ದು ಮನೆಯ ಸೊಸೆ. ಜೊತೆಗೆ ಅವರದ್ದೇ ಒಂದು ಅನುಮಾನವೂ ಇತ್ತು. "ನಮ್ಮತ್ತೆಗೆ ಥೈರಾಯ್ಡ್ ಇದೆ ಡಾಕ್ಟ್ರೇ. ಅವರೂ ಹೀಗೇ ದಪ್ಪ ಆದ್ರು. ಇವಳಿಗೂ ಅದೇ ಇರಬಹುದಾ?"

ತೂಕ 41.4 ಕೆ.ಜಿ. ಬಂತು. ಹೆಣ್ಣು ಲ್ಯಾಬ್ರಡಾರ್ ಸಾಮಾನ್ಯವಾಗಿ 25ರಿಂದ 32 ಕೆ.ಜಿ. ಒಳಗಿರುತ್ತದೆ.

ಬರೀ ತಕ್ಕಡಿ ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ಏಕೆಂದರೆ ಅದೇ ಜಾತಿಯಲ್ಲೂ ಸಣ್ಣ ಮೂಳೆಯವು, ದೊಡ್ಡ ಮೂಳೆಯವು ಇರುತ್ತವೆ. ಮೈ ಮುಟ್ಟಿ ನೋಡಬೇಕು. ಪಶುವೈದ್ಯರು ಇದಕ್ಕೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಸರಿಯಾದ ಮೈಕಟ್ಟು. ಅದರ ಮೇಲೆ ಒಂದೊಂದು ಅಂಕ ಏರಿದರೂ ಶೇ. 10ರಿಂದ 15ರಷ್ಟು ತೂಕ ಹೆಚ್ಚು ಅಂತ ಲೆಕ್ಕ. ಮನೆಯಲ್ಲೇ ನೋಡುವ ವಿಧಾನವೂ ಇದೆ. ಕೈ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳುಗಳ ಬುಡದ ಗೆಣ್ಣುಗಳ ಮೇಲೆ ಇನ್ನೊಂದು ಕೈ ಆಡಿಸಿ. ನಾಯಿಯ ಪಕ್ಕೆಲುಬು ಹಾಗೆ ಕೈಗೆ ಸಿಗಬೇಕು. ಕೈ ತಿರುಗಿಸಿ ಅಂಗೈ ಮುಟ್ಟಿದಷ್ಟು ಮೆತ್ತಗಿದ್ದರೆ ಬೊಜ್ಜು ಕೂತಿದೆ ಅಂತ. ಜೂಲಿಯ ಪಕ್ಕೆಲುಬು ಒತ್ತಿ ಹುಡುಕಬೇಕಿತ್ತು. ಮೇಲಿಂದ ನೋಡಿದರೆ ಸೊಂಟವೇ ಇಲ್ಲ, ಬಾಲದ ಬುಡದಲ್ಲಿ ಕೊಬ್ಬಿನ ದಿಂಡು. ನಾನು 8 ಅಂಕ ಬರೆದೆ. ಇವಳ ಮೂಳೆಗೆ ಸುಮಾರು 30 ಕೆ.ಜಿ. ಸರಿ ಅನ್ನಿಸಿತು. ಅಂದರೆ 11 ಕೆ.ಜಿ.ಗೂ ಹೆಚ್ಚು ಹೊರೆ, ಅದೂ ನೋಯುವ ಕಾಲಿನ ಮೇಲೆ.

ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು. ಸೊಸೆಯ ಅನುಮಾನ ತಳ್ಳಿಹಾಕುವಂಥದ್ದಲ್ಲ. ನಾಯಿಗಳಲ್ಲಿ ಥೈರಾಯ್ಡ್ ಕಮ್ಮಿಯಾಗುವುದು ಅಪರೂಪವೇನೂ ಅಲ್ಲ. ಆದರೆ ಆಗ ತೂಕದ ಜೊತೆ ಮಂಕು, ಚಳಿ ತಡೆಯದಿರುವುದು, ಎರಡೂ ಪಕ್ಕದಲ್ಲಿ ಕೂದಲು ಉದುರುವುದು ಇಂಥವೂ ಕಾಣುತ್ತವೆ. ಜೂಲಿಯ ಕೂದಲು ಫಳಫಳ ಹೊಳೆಯುತ್ತಿತ್ತು. ನೀರು ಕುಡಿಯುವುದೂ ಮೊದಲಿನಷ್ಟೇ, ಹಾಗಾಗಿ ಕುಶಿಂಗ್ ಕಾಯಿಲೆಯ (ಕಾರ್ಟಿಸೋಲ್ ಹಾರ್ಮೋನು ಅತಿಯಾಗಿ ಬಾಯಾರಿಕೆ ಹೆಚ್ಚುವ ಕಾಯಿಲೆ) ಗುಮಾನಿಯೂ ಬರಲಿಲ್ಲ. ರಕ್ತದ ವರದಿ ಎಲ್ಲ ಸರಿಯಿತ್ತು. ಎಕ್ಸ್‌ರೇಯಲ್ಲಿ ಮಾತ್ರ ಎರಡೂ ಸೊಂಟದ ಕೀಲು ಸವೆದದ್ದು ಕಂಡಿತು, ಎಡಗಡೆ ಸ್ವಲ್ಪ ಜಾಸ್ತಿ. ನಾಯಿಗಳಿಗೆಂದೇ ಇರುವ ನೋವಿನ ಮಾತ್ರೆ ಬರೆದುಕೊಟ್ಟೆ. ಮನೆಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಅರ್ಧ ಮುರಿದು ಕೊಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ, ಅದರಿಂದ ನಾಯಿ ಸಾಯಬಹುದು.

ಆಮೇಲೆ ಊಟದ ವಿಷಯ ಬಂತು. "ಏನು ತಿಂತಾಳೆ?"

"ಜಾಸ್ತಿ ಏನಿಲ್ಲ ಡಾಕ್ಟ್ರೇ. ದಿನಕ್ಕೆ ಒಂದೂವರೆ ಕಪ್ಪು ಪೆಡಿಗ್ರಿ ಥರದ ಪ್ಯಾಕೆಟ್ ಫುಡ್ಡು, ಅಷ್ಟೇ."

ಈ ಉತ್ತರ ಸುಳ್ಳಲ್ಲ. ಬಟ್ಟಲಿಗೆ ಬೀಳುವುದು ಅಷ್ಟೇ ಇತ್ತು. ಹಾಗಾಗಿ ಒಂದು ನೋಟ್‌ಬುಕ್ ಇಡಿ, ಮೂರು ದಿನ ಅವಳ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ಯಾರು ಕೊಟ್ಟರು ಅಂತಲೂ ಬರೆಯಿರಿ ಅಂದೆ. ಬರೆಯುವ ಕೆಲಸ ಮನೆಯ ಏಳನೇ ಕ್ಲಾಸಿನ ಹುಡುಗಿಗೆ ಕೊಡಲು ಹೇಳಿದೆ. ದೊಡ್ಡವರು ಬರೆದರೆ "ಸ್ವಲ್ಪ ಅನ್ನ" ಅಂತ ಬರುತ್ತದೆ. ಮಕ್ಕಳು "ತಾತ ಆಮೇಲೆ ಇನ್ನೊಂದು ಚೂರು ಕೊಟ್ಟರು" ಅಂತಲೂ ಬರೆಯುತ್ತಾರೆ.

ನೋಟ್‌ಬುಕ್ ಬಂತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಒಂದು ದಿನದ ಕ್ಯಾಲೋರಿ ಹಾಕಿ ಕೂಡಿದೆವು. ಡ್ರೈ ಫುಡ್ 150 ಗ್ರಾಂ, ಅದು 540. ತಾತ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ಜೂಲಿಯ ಜೊತೆ ವಾಕಿಂಗ್, ಕೊನೆಗೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ. ತನಗೊಂದು, ಜೂಲಿಗೊಂದು. ಅದು 160, ಬೆಣ್ಣೆ ಹಾಕಿದ ದಿನ ಇನ್ನೂ ಮೇಲೆ. ಅಜ್ಜಿ ಕಾಫಿಗೆ ಹಾಲು ಕಾಯಿಸುವಾಗ ಒಂದು ಲೋಟ ಇವಳಿಗೆ, 120. ಮಧ್ಯಾಹ್ನ ಅನ್ನ ಮೊಸರು, 385. ಕಾಯಿ ತುರಿಯುವಾಗ ಇಳಿಗೆಮಣೆ ಮುಂದೆ ಕೂತವಳಿಗೆ ಒಂದೊಂದೇ ಚೂರು, ಸೇರಿಸಿದರೆ 30 ಗ್ರಾಂ, 105. ಕಲ್ಪತರು ನಾಡಿನಲ್ಲಿ ಕಾಯಿ ಚೂರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ, ಅಲ್ವಾ? ಸ್ಕೂಲಿಂದ ಬಂದ ಮಕ್ಕಳು ಗ್ಲೂಕೋಸ್ ಬಿಸ್ಕತ್ತು ಆರು, 130. ಮಗ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು. ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಇಡೀ ದಿನ ಮುಖ ನೋಡದ ನಾಯಿಗೆ ತುಪ್ಪ ಸವರಿದ ಎರಡು ಚಪಾತಿ, 250.

ಒಟ್ಟು 1,690. ಬಟ್ಟಲಿನದ್ದು ಬರೀ 540. ಮಿಕ್ಕ 1,150 ಕೈಯಿಂದ ಬಾಯಿಗೆ ಹೋಗಿತ್ತು.

ಯಾರೂ ಜಾಸ್ತಿ ಕೊಟ್ಟಿರಲಿಲ್ಲ. ನನಗೆ ಈ ಪ್ರಕರಣ ಬರೆಯಬೇಕು ಅನ್ನಿಸಿದ್ದು ಅದಕ್ಕೇ. ಒಬ್ಬೊಬ್ಬರದ್ದೂ ಒಂದೊಂದು ಸಣ್ಣ ತುತ್ತು. ಒಬ್ಬೊಬ್ಬರಿಗೂ ತಾನು ಕೊಟ್ಟದ್ದು ಗೊತ್ತು, ಉಳಿದವರು ಕೊಟ್ಟದ್ದು ಗೊತ್ತಿಲ್ಲ. ಒಬ್ಬರೇ ಇರುವ ಮನೆಯ ನಾಯಿಗಿಂತ ತುಂಬಿದ ಮನೆಯ ನಾಯಿಯ ತೂಕ ಇಳಿಸುವುದು ಕಷ್ಟ ಅಂತ ನಾನು ಹೇಳುವುದು ಇಂಥ ಮನೆಗಳನ್ನು ನೋಡಿಯೇ.

ವಾಕಿಂಗಿನ ಲೆಕ್ಕ ಮೇಷ್ಟ್ರಿಗೆ ಸ್ವಲ್ಪ ನೋವು ಮಾಡಿತು. ನಾಯಿ ಒಂದು ಕಿಲೋಮೀಟರ್ ನಡೆದರೆ, ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಕ್ಯಾಲೋರಿ ಖರ್ಚು ಅಂತ ಅಂದಾಜು ಹಿಡಿಯಬಹುದು. ಮಠದ ರಸ್ತೆಯಲ್ಲಿ ಹೋಗಿ ಬಂದು ಎರಡು ಕಿಲೋಮೀಟರ್ ನಡೆದರೆ 80ರ ಆಸುಪಾಸು. ಕೊನೆಯಲ್ಲಿ ಇಡ್ಲಿ 160. ವಾಕಿಂಗ್ ಹೋದ ದಿನವೇ ಅವಳಿಗೆ ಜಮಾ ಜಾಸ್ತಿ ಆಗುತ್ತಿತ್ತು! ಬರೀ ನಡೆಸಿ ನಾಯಿಯ ತೂಕ ಇಳಿಸುತ್ತೇವೆ ಅನ್ನುವವರಿಗೆ ನಾನು ಇದೇ ಲೆಕ್ಕ ಹೇಳುತ್ತೇನೆ. ನಡಿಗೆ ಕೀಲಿಗೆ, ಸ್ನಾಯುವಿಗೆ, ಮನಸ್ಸಿಗೆ ಬೇಕು. ತೂಕ ಇಳಿಯುವುದು ಮುಖ್ಯವಾಗಿ ಊಟದಿಂದ.

ಎಷ್ಟು ಕೊಡಬೇಕು ಅನ್ನುವುದಕ್ಕೆ ಸೂತ್ರ ಇದೆ. ಇರಬೇಕಾದ ತೂಕದ 0.75 ಘಾತ ತೆಗೆದು 70ರಿಂದ ಗುಣಿಸುವುದು. ಈಗಿರುವ ತೂಕವಲ್ಲ, ಇರಬೇಕಾದ ತೂಕ. 30 ಕೆ.ಜಿ.ಗೆ ಅದು ದಿನಕ್ಕೆ ಸುಮಾರು 900 ಕ್ಯಾಲೋರಿ ಆಗುತ್ತದೆ. ಮೇಷ್ಟ್ರು ಗಣಿತ ಹೇಳಿಕೊಟ್ಟವರು, ಮೊಬೈಲಿನಲ್ಲಿ ಹಾಕಿ ನೋಡಿ "897" ಅಂದರು. ಸರಿ, 900 ಅಂತ ಇಟ್ಟುಕೊಂಡೆವು. ವಾರಕ್ಕೆ ಮೈತೂಕದ ಶೇ. 1ರಿಂದ 2ರ ಒಳಗೆ ಇಳಿದರೆ ಸಾಕು. ಅದಕ್ಕಿಂತ ಬೇಗ ಇಳಿಸಲು ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಕೀಲುನೋವಿನ ನಾಯಿಗೆ ಅದು ಆಗಿಬರುವುದಿಲ್ಲ.

ತೂಕ ಇಳಿಸಲೆಂದೇ ಇರುವ ಡ್ರೈ ಫುಡ್ ತನ್ನಿ ಅಂದೆ. ಮಗ ಕೇಳಿದರು: "ಈಗ ಹಾಕೋದನ್ನೇ ಅರ್ಧ ಮಾಡಿದ್ರೆ ಆಗಲ್ವಾ? ಸುಮ್ನೆ ದುಡ್ಡು ಯಾಕೆ?" ನ್ಯಾಯವಾದ ಪ್ರಶ್ನೆ. ಸಾಮಾನ್ಯ ಆಹಾರವನ್ನು ಅರ್ಧಕ್ಕೆ ಇಳಿಸಿದರೆ ಕ್ಯಾಲೋರಿಯ ಜೊತೆ ಪ್ರೋಟೀನು, ವಿಟಮಿನ್ನು, ಖನಿಜ ಎಲ್ಲ ಅರ್ಧವಾಗುತ್ತವೆ. ತೂಕ ಇಳಿಸಲೆಂದೇ ಮಾಡಿದ ಡ್ರೈ ಫುಡ್‌ನಲ್ಲಿ ಕ್ಯಾಲೋರಿ ಕಮ್ಮಿ, ಪ್ರೋಟೀನು ಮತ್ತು ನಾರು ಜಾಸ್ತಿ. ಹೊಟ್ಟೆ ತುಂಬಿದ ಹಾಗೂ ಇರುತ್ತದೆ. ಬೆಲೆ ಹೆಚ್ಚು, ನಿಜ. ಆದರೆ ಇಡ್ಲಿ, ಹಾಲು, ಬಿಸ್ಕತ್ತು, ತುಪ್ಪದ ಖರ್ಚು ನಿಲ್ಲುತ್ತದಲ್ಲ. ಅಜ್ಜಿ ಇನ್ನೊಂದು ದಾರಿ ಹೇಳಿದರು: ಅನ್ನ ಬಿಡಿಸಿ ಮುದ್ದೆ ಹಾಕೋಣ, ಮುದ್ದೆ ತಿಂದರೆ ದಪ್ಪ ಆಗಲ್ಲ. ನಮ್ಮ ಕಡೆ ಈ ನಂಬಿಕೆ ಗಟ್ಟಿ. ರಾಗಿ ಒಳ್ಳೆಯದೇ, ನಾರು ಇದೆ, ಸುಣ್ಣದ ಅಂಶ ಇದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 320ಕ್ಕೂ ಮೇಲೆ ಕ್ಯಾಲೋರಿ ಇರುತ್ತದೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದರೆ ಮಗ ಕೊಡುತ್ತಿದ್ದ ಎರಡು ತುಪ್ಪದ ಚಪಾತಿಗೆ ಸಮ. ಅದಕ್ಕೆ ಹಚ್ಚುವ ಸಾರಿನ ಕಥೆ ಬೇರೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೆಡಲು ಟಾರ್ಟಾರಿಕ್ ಆಮ್ಲ ಕಾರಣ ಇರಬಹುದು ಎಂಬ ವಾದ ಈಚಿನ ವರ್ಷಗಳಲ್ಲಿ ಬಲವಾಗಿದೆ, ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಇದೆ. ಸಾರು ಬೇಡವೇ ಬೇಡ ಅಂದೆ.

ಇಷ್ಟೆಲ್ಲ ಲೆಕ್ಕ ಸುಲಭದ ಭಾಗ. ಕಷ್ಟದ ಭಾಗ ತಾತ. "ಬಾಯಿಲ್ಲದ ಪ್ರಾಣಿ ಡಾಕ್ಟ್ರೇ. ಎದುರಿಗೆ ಕೂತು ನೋಡ್ತಾ ಇದ್ರೆ ನಮ್ಮ ಗಂಟಲಲ್ಲಿ ಹೇಗೆ ಇಳಿಯುತ್ತೆ?"

ಈ ಮಾತಿಗೆ ಬೈದು ಉತ್ತರ ಕೊಡುವ ವೈದ್ಯರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ನೋಡುತ್ತಾ ಕೂತವರಿಗೆ ಕೊಡದೆ ತಿನ್ನಬಾರದು ಅಂತ ಬೆಳೆದವರು ಅವರು. ಆ ಗುಣ ಬಿಡಿಸುವುದು ನನ್ನ ಕೆಲಸ ಅಲ್ಲ. ಹಾಗಾಗಿ ಎರಡು ವಿಷಯ ಹೇಳಿದೆ. ಒಂದು, ಲ್ಯಾಬ್ರಡಾರ್‌ಗಳ ಹಸಿವು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಈ ಜಾತಿಯಲ್ಲಿ ಪಿಓಎಂಸಿ ಅನ್ನುವ ಜೀನಿನ ಒಂದು ತುಂಡು ಕಳಚಿಹೋಗಿರುವುದನ್ನು ಕಂಡರು. ಅವರು ನೋಡಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಅದು ಇತ್ತು. ಅಂಥ ನಾಯಿಗಳಿಗೆ ಊಟದ ಆಸೆ ಜಾಸ್ತಿ, ತೂಕವೂ ಜಾಸ್ತಿ. ಜೂಲಿಗೆ ಆ ಪರೀಕ್ಷೆ ಮಾಡಿಸಿಲ್ಲ. ಆದರೆ ಈ ಜಾತಿಯ ನಾಯಿ ಆಸೆಯಿಂದ ನೋಡಿದರೆ ಅದರ ಹೊಟ್ಟೆ ಖಾಲಿ ಇದೆ ಅಂತ ಅರ್ಥ ಮಾಡಿಕೊಳ್ಳಬೇಕಿಲ್ಲ. ಇಡ್ಲಿ ತಿಂದ ಮೇಲೂ ಅವಳು ಹಾಗೇ ನೋಡುತ್ತಿದ್ದಳಲ್ಲ? ಮೇಷ್ಟ್ರು ಒಪ್ಪಿದರು.

ಎರಡನೆಯದು ಆಯಸ್ಸಿನ ಲೆಕ್ಕ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಮ್ಮಿ ಊಟ ಕೊಟ್ಟು, ಜೀವಮಾನ ಪೂರ್ತಿ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ನಡುವಿನ ಆಯಸ್ಸು 11.2 ವರ್ಷ, ಕಮ್ಮಿ ತಿಂದವುಗಳದ್ದು 13. ಕೀಲುನೋವೂ ತಡವಾಗಿ ಬಂತು. ಮೇಷ್ಟ್ರು ಮನಸ್ಸಿನಲ್ಲೇ ಕಳೆದು "1.8" ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಗ ಡಬ್ಬಿಯ ಯೋಜನೆ ಮುಂದಿಟ್ಟೆ. ಕೊಡುವ ಕೈ ಹಾಗೇ ಇರಲಿ, ಕೊಡುವ ವಸ್ತು ಬದಲಾಗಲಿ. ಬೆಳಿಗ್ಗೆ ಸೊಸೆ ಇಡೀ ದಿನದ ಹೊಸ ಡ್ರೈ ಫುಡ್ 260 ಗ್ರಾಂ ತಕ್ಕಡಿಯಲ್ಲಿ ತೂಗಬೇಕು. ಕಪ್ಪಿನಲ್ಲಿ ಅಳೆಯಬಾರದು, ಕಪ್ಪಾದರೆ ಒಬ್ಬೊಬ್ಬರ ಕೈಗೆ ಒಂದೊಂದು ಅಳತೆ. ಅದರಲ್ಲಿ ಸುಮಾರು 800 ಕ್ಯಾಲೋರಿ ಬರುತ್ತದೆ. ಅದನ್ನು ಬೆಳಿಗ್ಗೆ, ಸಂಜೆಯ ಬಟ್ಟಲಿಗೆ ಮತ್ತು ಮೂರು ಸ್ಟೀಲ್ ಡಬ್ಬಿಗೆ ಹಂಚಬೇಕು. ತಾತನದ್ದೊಂದು ಡಬ್ಬಿ, ಮಕ್ಕಳದ್ದೊಂದು, ಮಗನದ್ದೊಂದು. ಹೋಟೆಲಿನಲ್ಲಿ ತಾತ ಇಡ್ಲಿ ಮುರಿದು ಬಾಯಿಗಿಟ್ಟಾಗ ತನ್ನ ಡಬ್ಬಿಯಿಂದ ನಾಲ್ಕು ಕಾಳು ಜೂಲಿಗೆ. ರಾತ್ರಿ ಒಂಬತ್ತಕ್ಕೆ ಮಗನ ಡಬ್ಬಿ. ಅಜ್ಜಿಗೆ ಮಾತ್ರ ಬೇರೆ ಡಬ್ಬಿ: ಸೌತೆಕಾಯಿ, ಬೇಯಿಸಿದ ಬೀನ್ಸ್, ಕುಂಬಳಕಾಯಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಅರ್ಧ ಲೋಟ ಮಜ್ಜಿಗೆ. ಎಲ್ಲ ಸೇರಿ 90 ಕ್ಯಾಲೋರಿ ಮೀರಬಾರದು. ಮುಖ್ಯ ಊಟದ ಹೊರಗಿನ ತಿಂಡಿ ದಿನದ ಲೆಕ್ಕದಲ್ಲಿ ಹತ್ತನೇ ಒಂದು ಭಾಗದೊಳಗೆ ಇರಬೇಕು ಅನ್ನುವುದು ನಿಯಮ. ಡಬ್ಬಿ ಖಾಲಿ ಆದರೆ ಅವತ್ತಿನ ಕಥೆ ಮುಗಿಯಿತು. ಯಾರೂ ಇನ್ನೊಬ್ಬರ ಡಬ್ಬಿ ಸಾಲ ಕೇಳುವಂತಿಲ್ಲ. ಇದು ಮಕ್ಕಳೇ ಮಾಡಿದ ಕಾನೂನು.

ಹೊಸ ಆಹಾರಕ್ಕೆ ಒಂದು ವಾರದಲ್ಲಿ ಮೆಲ್ಲಗೆ ಬದಲಾಯಿಸಿದರು. ಬಟ್ಟಲಿನದ್ದನ್ನು ಒಂದೇ ಸಲ ಸುರಿಯದೆ ಅಂಗಳದಲ್ಲಿ ಎರಚಿದರು, ಮೂಸಿ ಮೂಸಿ ಹೆಕ್ಕಿ ತಿನ್ನಲು ಕಾಲು ಗಂಟೆ ಹಿಡಿಯಿತು. ಮೊದಲು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ನಡಿಗೆಯನ್ನೂ ಒಡೆದೆವು. ಒಂದೇ ಸಲ ಎರಡು ಕಿಲೋಮೀಟರ್ ಬದಲು ದಿನಕ್ಕೆ ಮೂರು ಸಲ ಹತ್ತತ್ತು ನಿಮಿಷ, ಆದಷ್ಟು ಮಣ್ಣಿನ ಮೇಲೆ. ದಪ್ಪ ನಾಯಿಗೆ ಬಿಸಿಲು ಬೇಗ ತಟ್ಟುತ್ತದೆ, ಆದ್ದರಿಂದ ಬಿಸಿಲೇರುವ ಮೊದಲು, ಇಳಿದ ಮೇಲೆ. ತೂಗಲು ಪ್ರತಿ ಸಲ ಕ್ಲಿನಿಕ್ಕಿಗೆ ಬರಬೇಕಿಲ್ಲ ಅಂದೆ. ಅವರ ಬೀದಿಯಲ್ಲೇ ಕೊಬ್ಬರಿ ಅಂಗಡಿ ಇದೆ. ಮೂಟೆ ತೂಗುವ ಪ್ಲಾಟ್‌ಫಾರಂ ತಕ್ಕಡಿ ಮೇಲೆ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಜೂಲಿ ಹತ್ತಿ ಕೂರುತ್ತಿದ್ದಳು. ತಕ್ಕಡಿ ಯಾವುದಾದರೂ ಸರಿ, ಪ್ರತಿ ಸಲ ಅದೇ ಇರಬೇಕು.

ಜನವರಿಯಲ್ಲಿ ಶುರು. ಎರಡು ವಾರಕ್ಕೆ 40.7. ಫೆಬ್ರವರಿ ಕೊನೆಗೆ 38.6. ತೂಕ ಶೇ. 6ರಷ್ಟು ಇಳಿದರೂ ಕೀಲುನೋವಿನ ನಾಯಿಗಳ ಕುಂಟು ಕಮ್ಮಿಯಾಗುತ್ತದೆ ಅಂತ ಅಧ್ಯಯನ ಇದೆ. ಇಲ್ಲೂ ಅದೇ ಆಯಿತು. ಅಷ್ಟು ಹೊತ್ತಿಗೆ ಮಾತ್ರೆ ಇಲ್ಲದ ದಿನಗಳಲ್ಲೂ ಮಹಡಿ ಹತ್ತಲು ಶುರು ಮಾಡಿದ್ದಳು.

ಮಾರ್ಚಿನಲ್ಲಿ ನಿಂತುಹೋಯಿತು. 38.4, ಆಮೇಲೆ 38.5. ನೋಟ್‌ಬುಕ್ ಸರಿಯಾಗಿದೆ, ಡಬ್ಬಿಗಳು ಸರಿಯಾಗಿವೆ. ಎಲ್ಲರೂ ಆಣೆ ಇಟ್ಟು ಹೇಳುತ್ತಾರೆ, ಎಲ್ಲರೂ ಒಳಗೊಳಗೇ ತಾತನನ್ನು ನೋಡುತ್ತಾರೆ. ತಾತನಿಗೆ ಸಿಟ್ಟು ಬಂತು. ಕೊನೆಗೆ ಮಗ ಗೇಟಿನ ಸಿಸಿಟಿವಿ ತೆಗೆದು ನೋಡಿದರು. ಮನೆಯಲ್ಲಿ ಮಿಕ್ಕ ಅನ್ನವನ್ನು ರಾತ್ರಿ ಗೇಟಿನ ಪಕ್ಕದ ಕಲ್ಲಿನ ಮೇಲೆ ಬೀದಿನಾಯಿಗಳಿಗೆ ಹಾಕುವ ರೂಢಿ. ಮಲಗುವ ಮುಂಚೆ ಜೂಲಿಯನ್ನು ಒಂದಕ್ಕೆ ಬಿಟ್ಟಾಗ, ಬೀದಿನಾಯಿಗಳು ಬರುವ ಮೊದಲೇ ಇವಳು ಅಲ್ಲಿ ಮುಗಿಸಿ ಬರುತ್ತಿದ್ದಳು. ತಾತ ಅವತ್ತು ನನಗೆ ಫೋನ್ ಮಾಡಿ ಈ ಸುದ್ದಿಯನ್ನು ಬಹಳ ಸವಿವರವಾಗಿ ಹೇಳಿದರು. ಅನ್ನ ಹಾಕುವುದು ನಿಲ್ಲಿಸಲಿಲ್ಲ. ಜೂಲಿ ಒಳಗೆ ಬಂದು ಬಾಗಿಲು ಹಾಕಿದ ಮೇಲೆ, ಕಾಂಪೌಂಡಿನ ಹೊರಗೆ ಹಾಕತೊಡಗಿದರು. ಇಂಥ ತಡೆ ಬಂದಾಗ ತಕ್ಷಣ ಊಟ ಇನ್ನಷ್ಟು ಕಮ್ಮಿ ಮಾಡುವುದು ಸುಲಭ. ಮೊದಲು ಸೋರಿಕೆ ಹುಡುಕಬೇಕು.

ಯುಗಾದಿಯ ಮಾರನೆಯ ದಿನದ ಬಗ್ಗೆ ನಾನೇ ಮುಂಚೆ ಎಚ್ಚರಿಸಿದ್ದೆ. ಹೊಸತೊಡಕಿಗೆ ನೆಂಟರು ಬರುತ್ತಾರೆ, ತಟ್ಟೆಯಲ್ಲಿ ಉಳಿದ ಕೊಬ್ಬು, ಮೂಳೆ ನಾಯಿಗೆ ಹೋಗುತ್ತವೆ. ಕೊಬ್ಬಿನ ಊಟ ಒಂದೇ ಸಲ ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಅವತ್ತು ಮಧ್ಯಾಹ್ನ ಜೂಲಿ ಮಹಡಿಯ ಕೋಣೆಯಲ್ಲಿದ್ದಳು, ಕಾವಲಿಗೆ ಏಳನೇ ಕ್ಲಾಸಿನವಳು.

ಮೇ ಕೊನೆಗೆ 36. ಜುಲೈನಲ್ಲಿ 33.9ಕ್ಕೆ ಮತ್ತೆ ನಿಂತಿತು. ಈ ಸಲ ಸೋರಿಕೆ ಇರಲಿಲ್ಲ. ಮೈ ಸಣ್ಣದಾದಂತೆ ಅದರ ಖರ್ಚೂ ಕಮ್ಮಿಯಾಗುತ್ತದೆ, ಸಂತಾನಹರಣ ಆದ ನಾಯಿಗಳ ಖರ್ಚು ಮೊದಲೇ ಕಮ್ಮಿ. 900 ಇದ್ದದ್ದನ್ನು 830ಕ್ಕೆ ಇಳಿಸಿ, ನಡಿಗೆಯನ್ನು ಹೊತ್ತಿಗೆ ಇಪ್ಪತ್ತು ನಿಮಿಷ ಮಾಡಿದೆವು. ಸೆಪ್ಟೆಂಬರ್ ಕೊನೆಗೆ 31.3. ಪಕ್ಕೆಲುಬು ಸಲೀಸಾಗಿ ಕೈಗೆ ಸಿಗುತ್ತಿತ್ತು, ಮೇಲಿಂದ ಸೊಂಟ ಕಾಣುತ್ತಿತ್ತು. 5 ಅಂಕ ಬರೆದೆ. ಕಾಗದದ ಮೇಲೆ 30 ಅಂತ ಇದ್ದರೂ ಅದಕ್ಕೆ ಹಟ ಹಿಡಿಯಬೇಕಿಲ್ಲ ಅನ್ನಿಸಿತು.

ಗುರಿ ಮುಟ್ಟಿದ ಕೂಡಲೇ ಹಳೆಯ ಊಟಕ್ಕೆ ಹೋದರೆ ತೂಕ ವಾಪಸ್ ಬರುತ್ತದೆ, ಬೇಗನೇ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಶೇ. 10ರಷ್ಟು ಏರಿಸುತ್ತಾ, ತಕ್ಕಡಿ ಎಲ್ಲಿ ಅಲುಗದೆ ನಿಲ್ಲುತ್ತದೆ ಅಂತ ನೋಡುವ ಕೆಲಸ ಶುರುವಾಯಿತು. ಎಡ ಸೊಂಟದ ಸವೆತ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಮಳೆ ಹಿಡಿದ ದಿನಗಳಲ್ಲಿ ಬೆಳಿಗ್ಗೆ ಸ್ವಲ್ಪ ಬಿಗಿ ಇರುತ್ತದೆ, ಆಗ ಮಾತ್ರ ಮಾತ್ರೆ. ಮೇಷ್ಟ್ರು ಭಾನುವಾರಕ್ಕೊಂದು ಕಾಲು ಇಡ್ಲಿ ಕೇಳಿದರು, ಬೆಣ್ಣೆ ಇಲ್ಲದ್ದು. 40 ಕ್ಯಾಲೋರಿ. ಅವತ್ತಿನ ಅಜ್ಜಿಯ ಡಬ್ಬಿಯಿಂದ ಕಳೆಯುವ ಒಪ್ಪಂದದ ಮೇಲೆ ಹೂಂ ಅಂದೆ. ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ.

ದಸರಾ ರಜೆಗೆ ಎಲ್ಲರೂ ಗುಬ್ಬಿ ತಾಲ್ಲೂಕಿನ ಊರಿಗೆ ಹೋದರು, ಜೂಲಿಯೂ ಹೋದಳು. ಅಲ್ಲಿ ಡಬ್ಬಿಯ ಕಾನೂನು ಯಾರಿಗೂ ಗೊತ್ತಿಲ್ಲ, ದೊಡ್ಡ ಮನೆ, ಹಟ್ಟಿ ತುಂಬ ಹಾಲು. ದಿನದ ಆಹಾರವನ್ನು ಒಂದೊಂದು ಕವರಿನಲ್ಲಿ ತೂಗಿ ಕಟ್ಟಿಕೊಂಡು ಹೋಗಿದ್ದರು. ಆದರೂ ವಾಪಸ್ ಬಂದಾಗ ತಕ್ಕಡಿ 31.9 ತೋರಿಸಿತು. ಈಗ ಎರಡು ವಾರ ಮತ್ತೆ 830, ಆಮೇಲೆ ಹಿಂದಿನ ಹಾಗೇ ಮೆಲ್ಲಗೆ ಏರಿಸುವುದು. ಮುಂದಿನ ತೂಕ ಈ ಭಾನುವಾರ.